ಮಾವ ಹೊಲಿದ ಮೂರನೇ ಜೇಬು

ಕಳೆದ ತಿಂಗಳಿಂದ ನಮ್ಮ ಮನೆಯ ಉಪ್ಪಿನ ಜಾಡಿ ಊಟದ ಮೇಜು ಬಿಟ್ಟು ಅಡುಗೆಮನೆಯ ಮೇಲಿನ ಗೂಡು ಸೇರಿದೆ. ನನ್ನ ಬಿಪಿ ಏರಿದೆ ಎಂದು ಡಾಕ್ಟರು ಹೇಳಿದ್ದೇ ತಡ, ಹೆಂಡತಿ ಆ ಜಾಡಿಯನ್ನು ಕಳ್ಳನನ್ನು ಠಾಣೆಗೆ ಒಯ್ದ ಹಾಗೆ ಒಯ್ದಳು. ಸಾರು ಸಪ್ಪೆ, ಪಲ್ಯ ಸಪ್ಪೆ, ಮನೆಯ ಮಾತುಕತೆಯೂ ಕೊಂಚ ಸಪ್ಪೆ. ಮೊದಲ ದಿನ ಆ ಅನ್ನದ ತುತ್ತು ಬಾಯಿಗಿಟ್ಟಾಗ ನೆನಪಾದದ್ದು ಟಿ. ನರಸೀಪುರದ ನಾಗೇಂದ್ರ ಮಾವ. ಸಪ್ಪೆ ಊಟಕ್ಕೂ ಅವರಿಗೂ ಏನು ಸಂಬಂಧ ಅಂತೀರಾ? ಹೇಳುತ್ತೇನೆ, ನನ್ನ ಮರ್ಯಾದೆ ಸ್ವಲ್ಪ ಹೋಗುತ್ತದೆ, ಹೋಗಲಿ.

ಮಾವ ನನ್ನ ತಾಯಿಯ ತಮ್ಮ. ನರಸೀಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರದೊಂದು ಟೈಲರ್ ಅಂಗಡಿ. ನಾನು ನಂಜನಗೂಡಿನಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ನಮ್ಮೂರ ಕಪಿಲೆ ಹೇಗೂ ಅವರೂರಿಗೇ ಹೋಗಿ ಕಾವೇರಿಯನ್ನು ಸೇರುತ್ತಾಳಲ್ಲ, ಭಾನುವಾರ ನಾನೂ ಅದೇ ದಿಕ್ಕಿನ ಬಸ್ಸು ಹತ್ತುತ್ತಿದ್ದೆ. ಬಂಧುಪ್ರೇಮ ಎಂದು ಹೇಳಿಕೊಳ್ಳುತ್ತಿದ್ದೆನಾದರೂ ಮಾವನ ಹೆಂಡತಿ ಸರೋಜತ್ತೆಯ ಮುದ್ದೆ ಉಪ್ಸಾರಿನ ಪಾಲೂ ಅದರಲ್ಲಿತ್ತು.

ಈ ಮಾವ ಆಗಾಗ ಬೇರೆಯೇ ಮನುಷ್ಯರಾಗಿಬಿಡುತ್ತಿದ್ದರು. ಎರಡು ಗಂಟೆ ಮಲಗಿ ಎದ್ದರೂ ಸುಸ್ತಿಲ್ಲ, ಮಾತಿಗೆ ಲಂಗುಲಗಾಮಿಲ್ಲ. ಒಂದು ಸಲ ಮನೆಯ ಹೊದಿಕೆ, ಕಿಟಕಿ ಪರದೆ, ಅತ್ತೆಯ ಒಳ್ಳೆಯ ಸೀರೆ ಎಲ್ಲವನ್ನೂ ಕತ್ತರಿಸಿ ಬೀದಿಯವರಿಗೆಲ್ಲ ಅಂಗಿ ಹೊಲಿದರು. ಎಲ್ಲವೂ ಒಂದೇ ಅಳತೆ.

"ಮನುಸ್ರೆಲ್ಲಾ ಒಂದೇ ಅಂದ್ಮೇಲೆ ಅಳ್ತೆ ಯಾಕ್ಲಾ ಬ್ಯಾರೆ ಬ್ಯಾರೆ?" ಎಂದು ನನ್ನನ್ನೇ ಕೇಳಿದರು.

ನನ್ನ ಪಾಲಿಗೆ ಬಂದದ್ದು ಪರದೆಯ ಹೂವಿನ ಬಟ್ಟೆಯ ಅಂಗಿ, ಅದಕ್ಕೆ ಮೂರು ಜೇಬು. ಪೆನ್ನಿಗೊಂದು, ಸೀಮೆಸುಣ್ಣಕ್ಕೊಂದು. ಮೂರನೆಯದು ಯಾತಕ್ಕೆ ಎಂದರೆ, "ಇರ್ಲಿ ಬುಡು, ಮುಂದಕ್ಕೆ ಬೇಕಾಯ್ತದೆ" ಅಂದರು. ಒಂದು ದಿನ ಅದನ್ನು ಹಾಕಿಕೊಂಡು ಶಾಲೆಗೆ ಹೋದೆ. ಹತ್ತನೇ ತರಗತಿಯವರು ಆವತ್ತು ನನ್ನ ಪಾಠವನ್ನು ಎಂದೂ ಇಲ್ಲದಷ್ಟು ಸಂತೋಷದಿಂದ ಕೇಳಿದರು.

ಒಂದೆರಡು ತಿಂಗಳಲ್ಲಿ ನಗು ನಿಂತಿತು. ಅದೇ ಮಾವ ಅಂಗಡಿಯ ಬಾಗಿಲು ತೆಗೆಯದೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. "ಸೂಜಿಗೆ ದಾರ ಪೋಣಿಸ್ಬೇಕು ಅಂದ್ರೆ ಬೆಟ್ಟ ಅತ್ತಿದಂಗಾಯ್ತದೆ ಕಣೋ. ನಾನಿದ್ದು ಏನಾಗ್ಬೇಕು?" ಅಂದರು. ಬೀದಿಯವರಲ್ಲಿ ಒಬ್ಬರು ಗಾಳಿ ಸೋಕಿದೆ ಎಂದರು, ಇನ್ನೊಬ್ಬರು ಸೋಮಾರಿತನ ಎಂದರು. ನನ್ನ ಕಿವಿಯಲ್ಲಿ ಮಾತ್ರ "ನಾನಿದ್ದು ಏನಾಗ್ಬೇಕು" ಎಂಬ ಮಾವನ ಮಾತೇ ಉಳಿಯಿತು. ಮರುದಿನವೇ ಅವರನ್ನು ಮೈಸೂರಿಗೆ ಕರೆದುಕೊಂಡು ಹೋದೆವು.

ಅಲ್ಲಿನ ಡಾಕ್ಟರಮ್ಮ ಅವಸರವಿಲ್ಲದೆ ಎಲ್ಲ ಕೇಳಿಸಿಕೊಂಡರು. "ಇದಕ್ಕೆ ಬೈಪೋಲಾರ್ ಅಂತಾರೆ. ಆ ಅಂಗಿ ಹೊಲಿದದ್ದೂ ಇದೇ ಕಾಯಿಲೆ, ಈಗ ಮಲಗಿರೋದೂ ಇದೇ ಕಾಯಿಲೆ. ಅವರ ಗುಣದ ತಪ್ಪಲ್ಲ. ನಿದ್ದೆ ಕಡಿಮೆಯಾಗಿ ಸುಸ್ತು ಕಾಣದೆ ಇದ್ರೆ ಕಾಯ್ತಾ ಕೂರಬೇಡಿ, ಬನ್ನಿ," ಅಂದರು. ಲೀಥಿಯಂ ಮಾತ್ರೆ ಬರೆದರು. ಆಗಾಗ ರಕ್ತಪರೀಕ್ಷೆ ಮಾಡಿಸಬೇಕು, ಉಪ್ಪು, ನೀರು ಏರುಪೇರು ಮಾಡಬಾರದು ಎಂದು ಚೀಟಿಯನ್ನೂ ಕೊಟ್ಟರು. ಓದಿದವನು ಎಂಬ ಠೀವಿಯಲ್ಲಿ ಆ ಚೀಟಿಯನ್ನು ನಾನು ಜೇಬಿಗಿಳಿಸಿದೆ. ಅದು ಅಂಗಿಯ ಜೊತೆ ಸಾಬೂನಿನ ನೀರು ಕುಡಿದು ಮುದ್ದೆಯಾಯಿತು.

ಮಾತ್ರೆ ಹಿಡಿಯಲು ಕೆಲವು ವಾರ ಬೇಕಾಯಿತು. ಆಮೇಲೆ ಮಾವ ಅಂಗಡಿ ತೆರೆದರು. ಕಾಯಿಲೆಯನ್ನು ಅವರು ತಮ್ಮ ಮೆಷೀನಿನಲ್ಲೇ ಅರ್ಥ ಮಾಡಿಕೊಂಡಿದ್ದರು. "ದಾರ ಬಿಗಿಯಾದ್ರೆ ಕಿತ್ತೋಯ್ತದೆ, ಸಡ್ಲಾದ್ರೆ ಗಂಟಾಯ್ತದೆ. ಮಾತ್ರೆ ಅನ್ನೋದು ಬಿಗಿ ನೋಡ್ಕೊಳೋ ತಿರುಪು ಕಣ್ಲಾ," ಎನ್ನುತ್ತಿದ್ದರು. ಎರಡು ವರ್ಷ ಹೊಲಿಗೆ ನೇರವಾಗಿ ಸಾಗಿತು.

ಆ ಸಂತೋಷಕ್ಕೇ ಅತ್ತೆ ನಂಜುಂಡೇಶ್ವರನಿಗೆ ಹರಕೆ ಹೊತ್ತರು. ಗಂಡನಿಂದ ನಲವತ್ತೆಂಟು ದಿನ ಉಪ್ಪಿಲ್ಲದ ಊಟ ಮಾಡಿಸಿ, ಆಮೇಲೆ ಅವರನ್ನು ಕರೆದುಕೊಂಡು ನಂಜನಗೂಡಿಗೆ ಬರುವುದೆಂದು. ರೋಗ ಕಳೆಯುವ ದೇವರಿಗೆ ನಮ್ಮ ಕಡೆ ಇಂಥ ಹರಕೆ ಹೊಸದೇನಲ್ಲ. ಆದರೂ ಅತ್ತೆ ನನ್ನನ್ನು ಒಂದು ಮಾತು ಕೇಳಿದರು.

"ಒಳ್ಳೇದೇ ಅತ್ತೆ. ಉಪ್ಪು ಬಿಟ್ರೆ ಬಿಪಿಗೂ ಒಳ್ಳೇದು," ಅಂದೆ ನಾನು, ವಿಜ್ಞಾನದ ಮೇಷ್ಟ್ರು.

ಸಪ್ಪೆ ಊಟ ಶುರುವಾದ ಎರಡನೇ ಭಾನುವಾರ ಹೋದಾಗ ಮಾವನ ಕೈ ಗಡಗಡ ನಡುಗುತ್ತಿತ್ತು. ನಡೆದರೆ ತೂರಾಡುತ್ತಿದ್ದರು, ನಾಲಿಗೆ ತೊದಲುತ್ತಿತ್ತು, ಬೆಳಿಗ್ಗೆಯಿಂದ ವಾಂತಿ. ದೇವರು ಪರೀಕ್ಷೆ ಮಾಡುತ್ತಿದ್ದಾನೆ ಎಂದು ಅತ್ತೆ ಸಪ್ಪೆ ಗಂಜಿ ಕಾಯಿಸುತ್ತಿದ್ದರು. ಕಾರು ಮಾಡಿಕೊಂಡು ಮೈಸೂರಿಗೆ ಓಡಿದೆವು. ಊಟದಲ್ಲಿ ಏನಾದರೂ ಬದಲಾವಣೆ ಆಯಿತಾ ಎಂದು ಡಾಕ್ಟರಮ್ಮ ಕೇಳಿದಾಗ ಅತ್ತೆ ಹರಕೆಯ ವಿಷಯ ಹೆಮ್ಮೆಯಿಂದಲೇ ಹೇಳಿದರು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

ಮೂತ್ರಪಿಂಡಕ್ಕೆ ಲೀಥಿಯಂ, ಉಪ್ಪಿನೊಳಗಿನ ಸೋಡಿಯಂ ಎರಡೂ ಹೆಚ್ಚುಕಡಿಮೆ ಒಂದೇ. ಉಪ್ಪು ಸಿಗದಿದ್ದರೆ ಅದು ಲೀಥಿಯಮ್ಮನ್ನೇ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ, ಆಗ ಮದ್ದೇ ನಂಜಾಗುತ್ತದೆ. ಇಷ್ಟನ್ನು ಅವರು ವಿವರಿಸುವಾಗ ನಾನು ನೆಲ ನೋಡುತ್ತಿದ್ದೆ. ಆ ಎರಡು ಧಾತುಗಳೂ ಆವರ್ತ ಕೋಷ್ಟಕದ ಒಂದೇ ಕಂಬಸಾಲಿನಲ್ಲಿ ಮೇಲೆ ಕೆಳಗೆ ಕೂತಿವೆ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದ ಕೈ ನನ್ನದೇ. ನಾವು ತಪ್ಪಿಸಿದ್ದ ಉಪ್ಪು ನೀರಿನ ಜೊತೆ ಬಾಟಲಿಯಿಂದ ಮಾವನ ನರಕ್ಕೆ ತೊಟ್ಟು ತೊಟ್ಟಾಗಿ ಇಳಿಯಿತು. ಆ ಮೂರು ದಿನ ನಾನು ದೇವರಿಗೂ ಡಾಕ್ಟರಿಗೂ ಸಮನಾಗಿ ಕೈಮುಗಿದೆ.

ಮಾವ ಉಳಿದರು. ಆದರೆ ಆ ಮಾತ್ರೆ ಮತ್ತೆ ಮುಟ್ಟುವುದಿಲ್ಲ ಎಂದು ಹಟ ಹಿಡಿದರು. ಬಿಟ್ಟರೆ ಏನಾಗುತ್ತದೆಂದು ನಮಗೆ ಗೊತ್ತಿತ್ತು, ಅವರು ತಿರುಗಿ ಮಲಗಿದ್ದ ಆ ಗೋಡೆ ಕಣ್ಣಮುಂದೆ ಬರುತ್ತಿತ್ತು. ನಾನು ತಪ್ಪೊಪ್ಪಿಕೊಂಡೆ. ಚೀಟಿ ಒಗೆದುಹೋದ ಕಥೆಯನ್ನೂ ಹೇಳಿದೆ. ಅವರು ಮಾತ್ರೆಯ ಪಟ್ಟಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

"ಅಂಗಾದ್ರೆ ತಿರುಪು ಕೆಟ್ಟಿರ್ನಿಲ್ಲ ಅನ್ನು," ಅಂದರು ಕೊನೆಗೆ. "ನೀವಿಬ್ರೂ ಸೇರ್ಕಂಡು ದಾರ ಬದ್ಲಾಯಿಸಿದ್ರಿ."

ಡಾಕ್ಟರಮ್ಮ ರಕ್ತ ನೋಡಿ ಹೂಂ ಎಂದ ಮೇಲೆ ಮಾತ್ರೆ ಮತ್ತೆ ಶುರುವಾಯಿತು. ಉಳಿದ ಹರಕೆಯನ್ನು ಅತ್ತೆ ತಾವೇ ತೀರಿಸಲು ಕೂತರು. "ಬಿಪಿಗೆ ಒಳ್ಳೇದು ಅಂದೋನು ನೀನೇ ತಾನೆ? ಬಾ, ನೀನೂ ಕೂತ್ಕೊ," ಎಂದು ನನಗೂ ಎಲೆ ಹಾಕಿದರು. ಮಾವ ನಮ್ಮ ಎದುರಿಗೆ ಕೂತು ಉಪ್ಸಾರು ಸುರಿದುಕೊಂಡು, "ಡಾಕ್ಟ್ರು ಏಳವ್ರೆ" ಎಂದು ಚಪ್ಪರಿಸಿ ತಿಂದರು. ಅವರು ಅಷ್ಟು ಚೆನ್ನಾಗಿ ಉಂಡದ್ದನ್ನು ನಾನು ನೋಡಿರಲಿಲ್ಲ.

ಇದೆಲ್ಲ ಆಗಿ ವರ್ಷಗಳಾದವು. ಮೊನ್ನೆ ಭಾನುವಾರ ಹೋದಾಗ ನನ್ನ ಸಪ್ಪೆ ಊಟದ ಗೋಳು ತೋಡಿಕೊಂಡೆ. ಡಾಕ್ಟರು ಕೊಟ್ಟ ಬಿಪಿ ಮಾತ್ರೆ ಸರಿಯಾಗಿ ತಗೊಳ್ತಿದ್ದೀಯಾ ಎಂದು ಮಾವ ಕೇಳಿದರು. ಚೆನ್ನಾಗಿದ್ದೀನಲ್ಲ, ವಾರದಿಂದ ಬಿಟ್ಟಿದ್ದೀನಿ ಅಂದೆ.

"ಚೆನ್ನಾಗಿವ್ನಿ ಅಂತ ಬುಟ್ಬುಟ್ಯಾ? ಮಾತ್ರೆ ತಗಂಡಿದ್ಕೇ ಕಣ್ಲಾ ಚೆನ್ನಾಗಿದ್ದದ್ದು," ಅಂದವರು ಎದ್ದು ಟೇಪು ತಂದು ನನ್ನ ಭುಜ, ಎದೆ ಅಳೆದರು. ಈ ಸಲ ಅಳತೆ ನನ್ನದೇ.

ಇವತ್ತು ಬೆಳಿಗ್ಗೆ ನರಸೀಪುರದ ಬಸ್ಸಿನ ಕಂಡಕ್ಟರು ಒಂದು ಪೊಟ್ಟಣ ಕೊಟ್ಟುಹೋದರು. ಒಳಗೆ ಬಿಳಿ ಅಂಗಿ. ಎದೆಯ ಮೇಲೆ ಎರಡು ಜೇಬು, ಒಳಮಗ್ಗುಲಲ್ಲಿ ಮಾತ್ರೆಯ ಪಟ್ಟಿ ಹಿಡಿಸುವಷ್ಟು ಒಂದು ಪುಟ್ಟ ಜೇಬು. ತಕ್ಷಣ ಫೋನು ಮಾಡಿದೆ.

"ಅವತ್ತೇ ಅಂದಿರ್ನಿಲ್ವಾ, ಮೂರ್ನೇದು ಮುಂದಕ್ಕೆ ಬೇಕಾಯ್ತದೆ ಅಂತ?" ಎಂದು ಮಾವ ಮನಸಾರೆ ನಕ್ಕರು. ಫೋನು ಕಿವಿಗಾನಿಸಿಕೊಂಡೇ ಹೊಲಿಯುತ್ತಿದ್ದರೇನೋ, ಮೆಷೀನು ಒಂದೇ ಹದದಲ್ಲಿ ಓಡುತ್ತಿರುವುದು ಕೇಳಿಸಿತು. ನಾನು ನೀರು ತಂದು ಬಿಪಿ ಮಾತ್ರೆ ನುಂಗಿ, ಉಳಿದ ಪಟ್ಟಿಯನ್ನು ಆ ಜೇಬಿಗೆ ಹಾಕಿಕೊಂಡೆ.