ಕ್ಯಾರಿಯರ್ ಇಲ್ಲದ ಸೈಕಲ್

ಮೆತ್ತನೆಯ ಸೀಟು, ಅದರ ಕೆಳಗೆ ಕುಲುಕಾಟ ತಡೆಯುವ ಸ್ಪ್ರಿಂಗ್ ಕಂಬಿ ಇದ್ದರೆ ಎಷ್ಟು ದೂರದ ದಾರಿಯೂ ಸುಖ ಎಂದು ಗೇರ್ ಸೈಕಲ್ಲಿನವರೆಲ್ಲ ನಂಬಿದ್ದರು. ವರ್ಗವಾಗಿ ಶಹಾಪುರಕ್ಕೆ ಬಂದು, ರವಿವಾರ ಮಾತಾಡಲು ಯಾರೂ ಇಲ್ಲದೆ ಸುರಪುರದ ಕಡೆ ಸೈಕಲ್ ತುಳಿಯುತ್ತಿದ್ದ ನಾನೂ ಎರಡನ್ನೂ ಹಾಕಿಸಿದ್ದೆ. ಸೊಂಟನೋವು ಹೋಗಲಿಲ್ಲ.

ಒಮ್ಮೆ ಸುರಪುರಕ್ಕೆ ಸ್ವಲ್ಪ ಮುಂಚೆ, ಬಸ್ಸು ತಪ್ಪಿದ ಮುದುಕರೊಬ್ಬರು ಶೇಂಗಾ ಚೀಲ ಇಳಿಸಿ ಕೈ ಅಡ್ಡ ಹಿಡಿದರು.

"ಮಗಳ ಮನಿಗೆ ಹೊಂಟೀನ್ರಿ. ಹಿಂದ ಕೂಡ್ತೀನಿ."

"ಕ್ಯಾರಿಯರ್ ಇಲ್ಲ ಮುತ್ಯಾ."

ಅವರು ಸೈಕಲ್ಲನ್ನು ಸುತ್ತಿ ನೋಡಿದರು. "ಇಷ್ಟ್ ದೊಡ್ಡ ಸೈಕಲ್ ಒಬ್ಬರಿಗೇ ಏನ್ರಿ? ಮನ್ಯಾಗ ಯಾರೂ ಇಲ್ಲೇನು?"

"ಇಲ್ಲ."

"ಹಂಗಾದ್ರ ಇಳೀರಿ."

ಚೀಲ ಸೀಟಿನ ಮೇಲೆ ಕೂತಿತು. ಆಚೆ ಅವರು, ಈಚೆ ನಾನು ಹಿಡಿದು ನಡೆದೆವು. ಅಳಿಯನನ್ನು ಅವರು ಬೈದದ್ದು ಊರು ಬಂದರೂ ಮುಗಿಯಲಿಲ್ಲ.

ಆ ವರ್ಷ ನಾನು ನೋವಿಲ್ಲದೆ ಸುರಪುರ ಮುಟ್ಟಿದ್ದು ಅದೊಂದೇ ಸಲ.