ಅಳತೆ ಬಲ್ಲವಳ ಬಾಯಿ

ಕೋಗಿಲಿನಲ್ಲಿ ಕೌಸಲ್ಯಾ ಹೊಲಿಗೆ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷ. ಯಾರ ಮೈ ಏರಿತು, ಯಾರದು ಇಳಿಯಿತು ಅನ್ನೋದು ಗಂಡಂದಿರಿಗಿಂತ ಮೊದಲು ಅವಳ ಟೇಪಿಗೆ ಗೊತ್ತಾಗೋದು. ಆದರೆ ಒಂದು ಮಾತೂ ಅಂಗಡಿ ಬಾಗಿಲು ದಾಟಿದ್ದಿಲ್ಲ. ಅದಕ್ಕೇ ಸೀರಿಯಲ್ ನಟಿ ಸಂಹಿತಾ, ಎಷ್ಟೇ ಹೆಸರು ಬಂದರೂ, ರವಿಕೆಗೆ ಇವಳ ಹತ್ತಿರವೇ ಬರೋಳು.

ಮೂರು ತಿಂಗಳ ಹಿಂದೆ ಸಂಹಿತಾ ಬಂದು, ಬಾಗಿಲು ಹಾಕಿಸಿ, ಸೆರಗು ಸರಿಸಿದಳು. ಕ್ಯಾನ್ಸರ್. ಎಡಗಡೆ ಎದೆ ತೆಗೆದಿದ್ದರು.

"ಅಕ್ಕಾ, ಗೊತ್ತಾಗದ ಹಂಗೆ ಪ್ಯಾಡ್ ಇಟ್ಟು ಹೊಲ್ಕೊಡಿ. ಅಮ್ಮಂಗೆ ಶೂಟಿಂಗ್‌ಗೆ ಹೋಗಿದ್ದೆ ಅಂದಿದ್ದೀನಿ. ಅಪ್ಪ ಇದೇ ಕಾಯಿಲೇಲಿ ಹೋದ್ಮೇಲೆ ಅವರು ಅರ್ಧ ಜೀವ ಆಗಿದ್ದಾರೆ. ಎಲ್ಲಾ ಮುಗಿದ್ಮೇಲೆ ನಾನೇ ಹೇಳ್ತೀನಿ."

ಕೌಸಲ್ಯಾ ಅಳುತ್ತಲೇ ಅಳತೆ ತಗೊಂಡಳು. ಆ ರವಿಕೆ ನೋಡಿ ಹೆತ್ತ ತಾಯಿಗೂ ಅನುಮಾನ ಬರಲಿಲ್ಲ.

ಟೀವಿಯವರಿಗೆ ಬಂತು ನೋಡಿ! ಔಷಧಿಗೆ ಹುಡುಗಿ ಮೈ ಊದಿತ್ತು, ಶೂಟಿಂಗ್ ಬಿಟ್ಟಿದ್ದಳು. ಮದುವೆಯಾಗದೆ ಬಸುರಿ ಅಂತ ಎರಡು ದಿನ ಬಾಯಿ ಬಡಕೊಂಡರು. ಮೂರನೇ ದಿನ ನಿರಂಜನ ಅನ್ನೋ ವರದಿಗಾರ ಮೈಕ್ ಹಿಡಿದು ಅಂಗಡಿಗೇ ನುಗ್ಗಿದ.

"ರವಿಕೆ ಬಿಚ್ಚಿ ದೊಡ್ಡದು ಮಾಡಿದ್ರಂತೆ ಮೇಡಂ, ಎಷ್ಟನೇ ತಿಂಗಳು?"

ಕೌಸಲ್ಯಾಗೆ ಮೈಯೆಲ್ಲ ಉರಿದುಹೋಯಿತು. "ಮುಚ್ಚೋ ಬಾಯಿ! ಒಂದು ಎದೆ ಕೊಯ್ಸಿಕೊಂಡು ಜೀವ ಉಳಿಸ್ಕೊಂಡಿರೋಳ್ನ ಬಸುರಿ ಅಂತೀಯಲ್ಲೋ, ನಿನ್ ಬಾಯಿಗೆ ಹುಳ ಬೀಳ!"

ಹುಡುಗಿಯ ಮಾನ ಉಳಿಸೋಕೆ ಅಂದ ಮಾತು. ಅಂದುಬಿಟ್ಟ ಮೇಲೆ ತಾನೇನು ಅಂದೆ ಅಂತ ಗೊತ್ತಾಯಿತು. ಕಾಲು ಹಿಡಿದಳು, ದಮ್ಮಯ್ಯ ಅಂದಳು, ಅಳಿಸಿಬಿಡಪ್ಪಾ ಅಂತ ಗೋಗರೆದಳು. "ಐದು ಗಂಟೆಗೆ ನೋಡಿ ಮೇಡಂ," ಅಂದು ಹೊರಟೇಹೋದ. ಅಂಥವರಿಗೂ ಮನೇಲಿ ಅಕ್ಕತಂಗಿಯರು ಇರ್ತಾರಂತೆ!

ಸಂಹಿತಾ ಆಸ್ಪತ್ರೆಯಲ್ಲಿದ್ದಳು, ಫೋನ್ ಆಫ್. ಆಗಲೇ ನಾಲ್ಕೂಮುಕ್ಕಾಲು. ಕೌಸಲ್ಯಾ ಆಟೋ ಹಿಡಿದು ಪುಟ್ಟೇನಹಳ್ಳಿಯ ಅವರ ಮನೆಗೆ ಓಡಿದಳು. ತಾಯಿ ರಾಮಲಕ್ಷ್ಮಮ್ಮ ಟೀವಿ ಮುಂದೆಯೇ ಕೂತಿದ್ದರು. ಕೌಸಲ್ಯಾ ಚಪ್ಪಲಿಯನ್ನೂ ಬಿಡದೆ ಒಳಗೆ ಹೋಗಿ ಪ್ಲಗ್ ಕಿತ್ತಳು.

ರಾಮಲಕ್ಷ್ಮಮ್ಮ ಅವಳ ಕೈ ಹಿಡಿದುಕೊಂಡರು. "ಅಳತೆ ತೆಗೆಯೋಳು ನೀನು, ನಿಂಗೆ ಗೊತ್ತಿಲ್ದೆ ಇರುತ್ತಾ? ನಿಜ ಹೇಳೇ. ಬಸುರಿ ಆಗಿದ್ರೆ ಆಗ್ಲಿ ಬಿಡು, ಜನ ಆಡ್ಕೊಳ್ಳಿ. ಮಗೂನ ನಾನು ಸಾಕ್ತೀನಿ. ಕಾಯಿಲೆಗೀಯಿಲೆ ಏನೂ ಇಲ್ವಲ್ಲ ಅವಳಿಗೆ? ನಂಗಷ್ಟು ಸಾಕು."

ಕೌಸಲ್ಯಾ ಇನ್ನೊಂದು ಕೈಯನ್ನು ಅವರ ಕೈ ಮೇಲಿಟ್ಟಳು. "ಏನೂ ಇಲ್ಲಮ್ಮಾ," ಅಂದಳು. "ನನ್ನಾಣೆಗೂ ಏನೂ ಇಲ್ಲ."

ಅಷ್ಟರಲ್ಲಿ ಪಕ್ಕದ ಮನೆಯವರು ಟೀವಿ ಜೋರು ಮಾಡಿದರು. ಒಂದು ಎದೆ ಕೊಯ್ಸಿಕೊಂಡು ಅನ್ನೋ ಮಾತು ಕಿಟಕಿಯಿಂದ ಒಂದು ಸಲ ಬಂತು, ಡೋಲಿನ ಸದ್ದು ಸೇರಿಸಿ ಇನ್ನೊಂದು ಸಲ ಬಂತು.

ರಾಮಲಕ್ಷ್ಮಮ್ಮ ಕೈ ಬಿಟ್ಟರು.

"ಅದು ನಿನ್ ದನಿ ಅಲ್ವೇನೇ, ಕೌಸಲ್ಯಾ?" ಅಂದರು.