ಬಸ್ಸಮ್ಮನ ಪಾಲಿನ ಸೊಲ್ಲು

ಹೊಸ ಕಾರಿನೊಳಗೆ ಕೂತ ಬಸ್ಸಮ್ಮ ಮೊದಲು ಮಾಡಿದ ಕೆಲಸ ಎಂದರೆ ಸಿಡಿ ಹಾಕುವ ಬಾಯಿ ಎಲ್ಲಿದೆ ಎಂದು ತಡಕಾಡಿದ್ದು. ಗಾಳಿ ಬರುವ ಜಾಲರಿಯ ಕೆಳಗೆ ಬೆರಳಾಡಿಸಿದಳು. ಗೇರಿನ ಹತ್ತಿರ ಬಗ್ಗಿ ನೋಡಿದಳು. ಮುಂದಿನ ಡಬ್ಬಿಯ ಮುಚ್ಚಳ ತೆಗೆದು ಒಳಗೆ ಕೈ ಹಾಕಿದಳು. ಎಲ್ಲೂ ಇಲ್ಲ. ಮಗ ಕೃಷ್ಣ ಹೊರಗೆ ಗಾಲಿಗಳ ಕೆಳಗೆ ನಿಂಬೆಹಣ್ಣು ಇಡುತ್ತಿದ್ದ. ಕಾರು ಮಾರಿದ ರಾಯಚೂರಿನ ಶೋರೂಮಿನವನೇ ಬಂದು, ಈಗಿನ ಕಾರುಗಳಲ್ಲಿ ಅದು ಬರುವುದಿಲ್ಲ, ಯಾರೂ ಕೇಳುವುದಿಲ್ಲವೆಂದು ಕಂಪನಿಯವರು ತೆಗೆದುಬಿಟ್ಟಿದ್ದಾರೆ ಎಂದು ತಿಳಿಹೇಳಿದ.

“ಯಾರೂ ಅಂದ್ರ ಯಾರು?” ಎಂದಳು ಬಸ್ಸಮ್ಮ. “ನನ್ನ ಬಂದು ಕೇಳಿದ್ರೇನು?”

ಅವನು ನಗುತ್ತಾ ಗುಂಡಿ ಒತ್ತಿ, ತಲೆಯ ಮೇಲಿನ ಗಾಜಿನ ಕಿಂಡಿ ತೆರೆದು ತೋರಿಸಿದ. ಕೂತಲ್ಲೇ ಆಕಾಶ ಕಾಣುತ್ತದಂತೆ. ರಾಯಚೂರಿನ ಬಿಸಿಲಿನಲ್ಲಿ ನೆತ್ತಿಯ ಮೇಲೊಂದು ಕಿಂಡಿ ಇರಲಿ ಎಂದು ಇವರನ್ನು ಯಾವ ಪುಣ್ಯಾತ್ಮ ಕೇಳಿದ್ದನೋ! ಮುಂದೆ ಊಟದ ತಟ್ಟೆಯಷ್ಟು ಅಗಲದ ಟಿವಿ ಬೇರೆ. ಮೂಗಿಗಿಂತ ಮೂಗುತಿ ಭಾರ. ಇಷ್ಟಕ್ಕೆಲ್ಲ ಜಾಗ ಮಾಡಿದವರಿಗೆ ಬೆರಳಗಲದ ಒಂದು ಸೀಳಿಗೆ ಜಾಗ ಸಿಗಲಿಲ್ಲ.

ಬಸ್ಸಮ್ಮ ದೇವದುರ್ಗದ ಕಡೆಯವಳು. ಮೂವತ್ತು ವರ್ಷ ಕಂಡವರ ಹೊಲದಲ್ಲಿ ಹತ್ತಿ ಬಿಡಿಸಿ, ಕಳೆ ತೆಗೆದು ಮಗನನ್ನು ಓದಿಸಿದವಳು. ಈಗ ಕೃಷ್ಣನಿಗೆ ಯರಗೇರಾದ ವಿಶ್ವವಿದ್ಯಾಲಯದಲ್ಲಿ ನೌಕರಿ, ಅವಳಿಗೆ ರಾಯಚೂರಿನಲ್ಲಿ ಮಗನ ಮನೆ. ಆಗ ಹೊಲದಲ್ಲಿ ಅವಳ ಪಕ್ಕದ ಸಾಲು ಹೀರಾಬಿಯದು. ಹೀರಾಬಿ ಸೊಲ್ಲು ಎತ್ತಿದರೆ ಬಸ್ಸಮ್ಮ ಅದನ್ನು ಮುಗಿಸಬೇಕು. ಅವರ ಹಾಡೇ ಹಾಗೆ, ಒಬ್ಬಳು ಕೇಳುತ್ತಾಳೆ, ಇನ್ನೊಬ್ಬಳು ಹೇಳುತ್ತಾಳೆ. “ಮುಂಜಾನೆ ಬಂದಾಕಿ ಮನಿಗ್ಯಾವಾಗ ಹೋಗತಿ?” ಎಂದು ಹೀರಾಬಿ ಕೇಳಿದರೆ, “ಗಿಡದಾಗಿನ ಬೆಳದಿಂಗಳು ಉಡಿ ತುಂಬಿದ ಮ್ಯಾಲ” ಎಂದು ಬಸ್ಸಮ್ಮ. ಹೊತ್ತು ಮುಳುಗುವತನಕ ಹಾಡಿದರೂ ಆಕೆಯ ಪ್ರಶ್ನೆ ಮುಗಿಯುತ್ತಿರಲಿಲ್ಲ, ಈಕೆಯ ಉತ್ತರ ತಪ್ಪುತ್ತಿರಲಿಲ್ಲ.

ಹನ್ನೆರಡು ವರ್ಷದ ಹಿಂದೆ ಜನಪದ ಹಾಡು ಕಲೆಹಾಕುತ್ತಾ ಬಂದ ಇಬ್ಬರು ಮೇಷ್ಟ್ರು, ಹೊಲದಲ್ಲೇ ಒಬ್ಬೊಬ್ಬಳ ಮುಂದೆ ಒಂದೊಂದು ಮೈಕು ಹಿಡಿದು ಆ ಹಾಡನ್ನು ತುಂಬಿಕೊಂಡು ಹೋದರು. ಆಮೇಲೆ ಮರೆಯದೆ ಇಬ್ಬರಿಗೂ ಒಂದೊಂದು ಸಿಡಿ ತಂದುಕೊಟ್ಟರು. ಕೃಷ್ಣನ ಹಳೆಯ ಕಾರಿನಲ್ಲಿ ಅದನ್ನು ಹಾಕಿದರೆ ಎಡಗಡೆಯಿಂದ ಹೀರಾಬಿ, ಬಲಗಡೆಯಿಂದ ಬಸ್ಸಮ್ಮ. ನಡುವೆ ಕೂತವರಿಗೆ ಹತ್ತಿ ಸಾಲಿನಲ್ಲೇ ನಿಂತಂತೆ ಆಗುತ್ತಿತ್ತು. ಬಳೆಯ ಸದ್ದು, ಒಣಗಿದ ಎಲೆಯ ಸರಬರ, ಉಸಿರು ತೆಗೆದುಕೊಳ್ಳುವುದು ಕೂಡ ಕೇಳುತ್ತಿತ್ತು. ಮನೆಯಲ್ಲಿ ಸಿಡಿ ಹಾಕುವ ಯಂತ್ರ ಇರಲಿಲ್ಲ, ಹೀಗಾಗಿ ಕಾರು ಹತ್ತಿದಾಗಲೆಲ್ಲ ಅವಳಿಗೆ ಅದೇ ಹಾಡು ಬೇಕು. ಆ ಕಾರನ್ನು ಕೊಟ್ಟೇ ಈ ಹೊಸದನ್ನು ತಂದಿದ್ದರು.

ಸಿಟ್ಟಾಗಬೇಡ, ಅದೇ ಹಾಡು ನನ್ನ ಫೋನಿನಲ್ಲೂ ಇದೆ ಎಂದು ಸಮಾಧಾನ ಮಾಡಿ ಕೃಷ್ಣ ಹಾಡು ಹಚ್ಚಿದ. ಹೀರಾಬಿ ಕೇಳಿದಳು. ಬಸ್ಸಮ್ಮ ಬಲಕ್ಕೆ ಕಿವಿಗೊಟ್ಟಳು. ಉತ್ತರ ಬರಲಿಲ್ಲ. ಬೆನ್ನಿಗೇ ಹೀರಾಬಿಯ ಮುಂದಿನ ಪ್ರಶ್ನೆ ಬಂತು, ಅದರ ಹಿಂದೆ ಇನ್ನೊಂದು. ಹನ್ನೆರಡು ನಿಮಿಷದ ಹಾಡು ಆರೇ ನಿಮಿಷಕ್ಕೆ ಮುಗಿದುಹೋಯಿತು. ಬಳೆ ಇಲ್ಲ, ಎಲೆ ಇಲ್ಲ. ಹೀರಾಬಿಯ ದನಿ ತಗಡಿನ ಡಬ್ಬಿಯೊಳಗಿಂದ ಬಂದಂತಿತ್ತು. ಬಸ್ಸಮ್ಮನ ದನಿ ಅಷ್ಟೂ ಇರಲಿಲ್ಲ.

ಏನಾಯಿತೆಂದು ಕೃಷ್ಣ ತೊದಲುತ್ತಾ ಹೇಳಿದ. ಎರಡು ವರ್ಷದ ಹಿಂದೆ ನೆಂಟರ ಮದುವೆಗೆ ಬೇಕೆಂದು ಸಿಡಿಯನ್ನು ದೇವದುರ್ಗದ ಮೊಬೈಲ್ ಅಂಗಡಿಗೆ ಕೊಟ್ಟು ಫೋನಿಗೆ ಹಾಕಿಸಿಕೊಂಡಿದ್ದ. ಅಲ್ಲಿಂದ ಅದು ಊರೂರಿಗೆ ಹಬ್ಬಿತ್ತು. ತಾನೂ ಇಪ್ಪತ್ತು ಮಂದಿಗೆ ಕಳಿಸಿದ್ದ. ಪೂರ್ತಿ ಕೇಳಿರಲಿಲ್ಲ.

“ಇಪ್ಪತ್ತು ಮಂದಿಗಿ ಕಳಿಸೀದಿ. ಅದರಾಗ ನಿಮ್ಮವ್ವನ ದನಿ ಇಲ್ಲಂತ ನಿನಗ ಗೊತ್ತಾಗಲಿಲ್ಲೇನು?”

ಬಸ್ಸಮ್ಮ ಕಾರಿಳಿದು, ಆಟೋ ಹಿಡಿದು ಮನೆಗೆ ಹೋದಳು. ಹೊಸ ಕಾರು ಅವಳ ಹಿಂದೆ ಹಿಂದೆ ಸಪ್ಪಗೆ ಬಂತು.

ಮರುದಿನ ಸಿಡಿಯನ್ನು ಕೈಚೀಲಕ್ಕೆ ಹಾಕಿಕೊಂಡು ಒಬ್ಬಳೇ ದೇವದುರ್ಗದ ಬಸ್ಸು ಹತ್ತಿದಳು. ಅಂಗಡಿಯ ವಿನೋದ, ಎರಡು ಮಕ್ಕಳ ತಂದೆ, ನಾಚಿಕೆಯಿಲ್ಲದೆ ಎಲ್ಲ ಬಿಡಿಸಿ ಹೇಳಿದ. ಎರಡೂ ಕಡೆಯ ದನಿ ಹಾಕಿದರೆ ಭಾರ ಆಗುತ್ತದೆ, ಬೇಗ ಹೋಗುವುದಿಲ್ಲ, ಅದಕ್ಕೆ ಎಡಗಡೆಯದನ್ನು ಮಾತ್ರ ತೆಗೆದುಕೊಂಡೆ. ಅದರಲ್ಲಿ ನಡುನಡುವೆ ದೂರದಲ್ಲಿ ಯಾರೋ ಗುನುಗಿದಂತೆ ಸಣ್ಣ ಗದ್ದಲ ಬರುತ್ತಿತ್ತು, ಅದನ್ನು ಕತ್ತರಿಸಿ ಕೂಡಿಸಿದೆ. ಎಷ್ಟು ಚೊಕ್ಕ ಆಗಿದೆ ನೋಡಿ ಎಂದ.

ಆ ಗದ್ದಲ ತಾನೇ ಎಂದು ಬಸ್ಸಮ್ಮ ಹೇಳಿದಳು. ವಿನೋದ, “ಫೋನಿನಾಗ ಕೇಳೋರಿಗೆ ಇಷ್ಟು ಸಾಕಾಗ್ತದ್ರಿ ಆಯಿ,” ಎಂದ.

ಸಾಕಂತೆ! ಈ ಕಾಲದ ದೊಡ್ಡ ರೋಗವೇ ಈ ಸಾಕು. ಹಾಡಿದವಳಿಗೆ ಸಾಕಾಯಿತೇ ಎಂದು ಕೇಳುವವರಿಲ್ಲ, ಕೇಳುವವರಿಗೆ ಎಷ್ಟು ಸಾಕು ಎಂದು ಅಂಗಡಿಯವನು, ಕಾರಿನವನು ಅಳೆದು ಕೊಡುತ್ತಾರೆ. ಅರ್ಧ ಕೊಡುತ್ತಾರೆ, ಅದನ್ನೇ ಪೂರ್ತಿ ಎನ್ನುತ್ತಾರೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಅದನ್ನೇ ಇನ್ನೊಬ್ಬರಿಗೆ ದಾಟಿಸುತ್ತಾರೆ. ಹೋಗಲಿ, ಮತ್ತೊಮ್ಮೆ ಸರಿಯಾಗಿ ಮಾಡಿಕೊಡು ಎಂದು ಸಿಡಿ ಮುಂದಿಟ್ಟರೆ, ತನ್ನ ಹೊಸ ಕಂಪ್ಯೂಟರಿಗೂ ಸಿಡಿ ಹಾಕುವ ಬಾಯಿ ಇಲ್ಲ ಎಂದು ವಿನೋದ ಕೈ ಚೆಲ್ಲಿದ.

ಆದರೆ ತನ್ನಿಂದ ಆ ಹಾಡಿಗೆ ಎಂಥ ಹೆಸರು ಬಂತು ನೋಡಿ ಎಂದು ಗಾಜಿಗೆ ಅಂಟಿಸಿದ್ದ ಕಾಗದ ತೋರಿಸಿದ. ಬರುವ ಭಾನುವಾರ ಮಾನ್ವಿಯಲ್ಲಿ ಒಂದು ಸಂಘದವರು ಹೀರಾಬಿಗೆ ಸನ್ಮಾನ ಇಟ್ಟುಕೊಂಡಿದ್ದರು. ಹತ್ತಿ ಹೊಲದ ಒಂಟಿ ಕೋಗಿಲೆ ಎಂದು ಬರೆದು, ಹೀರಾಬಿಯ ಫೋಟೋ ಹಾಕಿದ್ದರು. ಬಸ್ಸಮ್ಮನಿಗೆ ಮೈಯೆಲ್ಲ ಉರಿಯಿತು. ಸಂಘದವರಿಗೆ ಗೊತ್ತಿಲ್ಲ, ಸರಿ. ಹೀರಾಬಿಗೂ ಗೊತ್ತಿಲ್ಲವೇ? ಒಂಟಿ ಎಂದು ಬರೆದಾಗ ಆಕೆಯ ಬಾಯಿಗೆ ಏನಾಗಿತ್ತು? ಹೀರಾಬಿ ಕಲ್ಲೂರಿನ ಮಗಳ ಮನೆಗೆ ಹೋದ ಮೇಲೆ ನಾಲ್ಕು ವರ್ಷದಿಂದ ಇಬ್ಬರೂ ಮುಖ ನೋಡಿರಲಿಲ್ಲ.

ಭಾನುವಾರ ಬಸ್ಸಮ್ಮ ಮಗನ ಕಾರು ಹತ್ತಲಿಲ್ಲ. ಅವರ ಓಣಿಯಲ್ಲಿ ಹದಿನೈದು ವರ್ಷದ ಕಾರನ್ನು ಬಾಡಿಗೆಗೆ ಓಡಿಸುವ ವಿರೂಪಣ್ಣನನ್ನು ಕರೆದಳು. ಬಣ್ಣ ಹೋಗಿತ್ತು, ಹಿಂದಿನ ಬಾಗಿಲು ಎರಡು ಸಲ ಬಡಿದರೇ ಮುಚ್ಚುತ್ತಿತ್ತು, ಆದರೆ ಸಿಡಿ ಹಾಕುವ ಬಾಯಿ ಗಟ್ಟಿಯಾಗಿತ್ತು. ಕೃಷ್ಣ ಕೇಳದೆಯೇ ಬಂದು ಮುಂದೆ ವಿರೂಪಣ್ಣನ ಪಕ್ಕ ಕೂತ. ಅವಳು ಬೇಡ ಎನ್ನಲಿಲ್ಲ.

ಕಲ್ಲೂರಿನಲ್ಲಿ ಹೀರಾಬಿ ಹೊಸ ಸೀರೆ ಉಟ್ಟು ಸಂಘದವರ ಗಾಡಿಗಾಗಿ ಕಟ್ಟೆಯ ಮೇಲೆ ಕೂತಿದ್ದಳು. ಬಸ್ಸಮ್ಮ ಇಳಿದು ನಿಂತು, ಕಾರು ಹತ್ತು ಎಂದಳು. ಹೀರಾಬಿ ಮುಖ ಬಿಗಿದುಕೊಂಡೇ ಹತ್ತಿದಳು. ಹಿಂದಿನ ಸೀಟಿನಲ್ಲಿ ಇಬ್ಬರೂ ಒಂದೊಂದು ಕಿಟಕಿಯ ಕಡೆ ನೋಡುತ್ತಾ ಕೂತರು. ಮಾನ್ವಿಯ ದಾರಿ ಹಿಡಿದ ಮೇಲೆ ಬಸ್ಸಮ್ಮ ಸಿಡಿ ಮುಂದೆ ಚಾಚಿದಳು, ವಿರೂಪಣ್ಣ ಹಾಕಿದ.

ಎಡದಿಂದ ಹೀರಾಬಿ ಕೇಳಿದಳು. ಬಲದಿಂದ ಬಸ್ಸಮ್ಮ ಹೇಳಿದಳು. ಬಳೆ ಸದ್ದಾಯಿತು. ಮೂರನೆಯ ಸೊಲ್ಲಿಗೆ ಹೀರಾಬಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು.

“ನಾ ಏನೋ ಅಂದ್ಕೊಂಡಿದ್ದೆ,” ಎಂದಳು.

“ಏನು?”

“ನೀನಽ ತೆಗೆಸೀದಿ ಅಂತ. ಮೊಮ್ಮಕ್ಕಳು ಫೋನಿನಾಗ ಹಚ್ಚಿದಾಗ ನಿನ್ನ ದನಿ ಹುಡುಕಿದೆ, ಇರಲಿಲ್ಲ. ಮಗ ನೌಕರಿಗಿ ಹತ್ತ್ಯಾನ, ಕಾರು ತಗೊಂಡಾನ. ಕೂಲಿ ಹಾಡು ಹಾಡಿದಾಕಿ ಅನಿಸ್ಕೊಳ್ಳಾಕ ಬಸ್ಸಮ್ಮಗ ಈಗ ನಾಚಿಕಿ ಆಗಿರಬೇಕು, ಅದಕ್ಕ ತನ್ನ ಪಾಲು ಅಳಿಸ್ಯಾಳ ಅಂದ್ಕೊಂಡೆ. ಸಂಘದವರು ಒಂಟಿ ಅಂದಾಗೂ ಸಿಟ್ಟಿಗೆ ಸುಮ್ಮನಿದ್ದೆ.”

ಇದನ್ನು ಕೇಳಿ ಬಸ್ಸಮ್ಮನಿಗೆ ಹೀರಾಬಿಯ ಮೇಲಿದ್ದ ಸಿಟ್ಟು ಇಳಿಯಿತು, ಬೇರೆಯವರ ಮೇಲಿನ ಸಿಟ್ಟು ಇಮ್ಮಡಿಯಾಯಿತು. ದನಿ ಕತ್ತರಿಸಿದವರು ಅಷ್ಟಕ್ಕೇ ಬಿಟ್ಟಿರಲಿಲ್ಲ. ಮೂವತ್ತು ವರ್ಷ ಒಂದೇ ಬುತ್ತಿ ಉಂಡ ಗೆಳತಿಯ ಕಣ್ಣಲ್ಲಿ ಅವಳನ್ನು ದುಡಿಮೆಗೆ ನಾಚುವವಳನ್ನಾಗಿ ಮಾಡಿದ್ದರು. ಮುಂದೆ ಕೂತ ಕೃಷ್ಣ ತಿರುಗಿ ನೋಡುವ ಧೈರ್ಯ ಮಾಡಲಿಲ್ಲ.

ಮಾನ್ವಿಯ ಸಭೆಯಲ್ಲಿ ಶಾಲು, ಹಾರ, ಭಾಷಣ ಎಲ್ಲ ಆದವು. ಬಸ್ಸಮ್ಮ ಮೂರನೆಯ ಸಾಲಿನಲ್ಲಿ ಕೂತಿದ್ದಳು. ಹಾಡು ಹಾಡಿ ಎಂದು ಹೀರಾಬಿಯ ಕೈಗೆ ಮೈಕು ಕೊಟ್ಟರು. ಆಕೆ ಮೊದಲನೆಯ ಪ್ರಶ್ನೆ ಹಾಡಿ ನಿಂತಳು. ಜನ ಕಾದರು. ಅಜ್ಜಿ ಮರೆತಳು ಎಂದುಕೊಂಡ ಸಂಘದ ಅಧ್ಯಕ್ಷ, ಫೋನಿನಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿದ್ದ ಎರಡನೆಯ ಪ್ರಶ್ನೆಯನ್ನು ಕಿವಿಯಲ್ಲಿ ಹೇಳಿಕೊಟ್ಟ.

“ನಾ ಮರತಿಲ್ರಿ,” ಎಂದಳು ಹೀರಾಬಿ ಮೈಕಿನಲ್ಲೇ. “ಈಗ ಹಾಡೋ ಪಾಳಿ ನಂದಲ್ಲ. ಹಾಡೋದಕ್ಕ ನಾಚಿಕಿ ಇಲ್ಲದಾಕಿ ಅಲ್ಲಿ ಕುಂತಾಳ.”

ಎಲ್ಲರೂ ಹೊರಳಿ ನೋಡಿದರು. ಬಸ್ಸಮ್ಮ ತಕ್ಷಣ ಸೊಲ್ಲು ಎತ್ತಿಕೊಳ್ಳಬಹುದಿತ್ತು, ಎತ್ತಿಕೊಳ್ಳಲಿಲ್ಲ. ಕತ್ತರಿಸಿ ಬಿಸಾಕಿದ ಜಾಗ ಎಷ್ಟು ದೊಡ್ಡದಿತ್ತು ಎಂದು ಇವರೆಲ್ಲ ಕೂತು ಕೇಳಲಿ ಎಂದು ಬೇಕೆಂದೇ ಸುಮ್ಮನಿದ್ದಳು. ಫ್ಯಾನುಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕೆಮ್ಮಲು ಹೋದವನೊಬ್ಬ ಕೆಮ್ಮು ನುಂಗಿಕೊಂಡ. ವೇದಿಕೆಯ ಮೇಲೆ ಹೀರಾಬಿ ಅಲುಗಾಡದೆ ಕಾದಳು. ಸಾಲಿನ ತುದಿಯಲ್ಲಿದ್ದ ಕೃಷ್ಣ ಎದ್ದು ಹೋಗಿ ಇನ್ನೊಂದು ಮೈಕು ತಂದು ಅವ್ವನ ಮುಂದೆ ಹಿಡಿದ.

ಬಸ್ಸಮ್ಮ ಅದನ್ನು ಕೈಯಿಂದ ಪಕ್ಕಕ್ಕೆ ಸರಿಸಿ, ಎದ್ದು ನಿಂತು, ಬರಿ ದನಿಯಲ್ಲಿ ಉತ್ತರ ಹಾಡಿದಳು. ಕೊನೆಯ ಸಾಲಿನವರಿಗೂ ಕೇಳಿಸಿತು.